ಹದಿನೇಳು ಗಾಡಿ ಒಣ ಪೊದೆ

ಅಮ್ಮಾವ್ರ ಮನೆಯಲ್ಲಿ ಎಷ್ಟು ಚಮಚ ಇದ್ದವು ಎಂದು ಅಮ್ಮಾವ್ರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ತೊಂಬತ್ತೇಳು. ತೊಂಬತ್ತಾರು ಸೆಟ್ಟಿನವು. ಒಂದು ಯಾವುದೋ ಹೋಟೆಲಿನದು. ಹಿಡಿಕೆಯ ಮೇಲೆ ಹೋಟೆಲಿನ ಹೆಸರೇ ಇತ್ತು. ಅದು ಹೇಗೆ ಬಂತೆಂದು ನಾನು ಕೇಳಲಿಲ್ಲ.

ಹನ್ನೊಂದು ವರ್ಷ ಆ ಮನೆ ಗುಡಿಸಿದ್ದೇನೆ, ಒರೆಸಿದ್ದೇನೆ, ಧೂಳು ಹೊಡೆದಿದ್ದೇನೆ. ಎರಡನೇ ವರ್ಷ ಅವರ ಉಂಗುರವೊಂದು ಕಾಣೆಯಾಯಿತು. ನನ್ನ ಚೀಲ ನೆಲದ ಮೇಲೆ ಸುರಿದರು. ಆಮೇಲೆ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬಟ್ಟೆ ಕೊಡವಿಸಿದರು. ಮೂರನೇ ದಿನ ಉಂಗುರ ನಾಯಿಯ ಹಾಸಿಗೆಯಲ್ಲಿ ಸಿಕ್ಕಿತು. ನಾಯಿಯ ಬಟ್ಟೆ ಯಾರೂ ಕೊಡವಿಸಲಿಲ್ಲ. ಅವತ್ತಿನಿಂದ ನಾನು ಎಣಿಸಲು ಶುರು ಮಾಡಿದೆ. ಸಂಜೆ ಹೊರಡುವ ಮುಂಚೆ ಒಂದು ಸುತ್ತು. ಚಮಚ, ಲೋಟ, ಗಡಿಯಾರ, ದಿಂಬು, ಗೋಡೆಯ ಚಿತ್ರ, ಗಾಜಿನ ಕುದುರೆ. ಎಲ್ಲ ಲೆಕ್ಕಕ್ಕೆ ಸಿಕ್ಕಿದರೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ನಮ್ಮ ಕೆಳಗಿನ ಬೀದಿಯಿಂದ ಮೇಲಿನ ಬೀದಿಗೆ ಕೆಲಸಕ್ಕೆ ಹೋಗುವ ಎಲ್ಲ ಹೆಂಗಸರೂ ಹೀಗೆಯೇ. ಕಳ್ಳಿ ಅಲ್ಲವೆಂದು ದಿನಾ ಸಂಜೆ ನಮಗೆ ನಾವೇ ಸರ್ಟಿಫಿಕೇಟು ಕೊಟ್ಟುಕೊಂಡು ಇಳಿಯುತ್ತಿದ್ದೆವು.

ಗುಡ್ಡದ ಮೇಲಿನ ಬೀದಿಯಲ್ಲಿ ಆರು ಮನೆ. ಕೆಳಗಿನ ಬೀದಿಯಲ್ಲಿ ನಲವತ್ತು. ಅವರ ಆರರಲ್ಲಿ ನಮ್ಮ ನಲವತ್ತನ್ನೂ ಕೂರಿಸಿ ಮೇಲೆ ಒಂದು ಮದುವೆ ಮಾಡಬಹುದಿತ್ತು. ಸುತ್ತ ಕಾಡು. ಬೇಸಿಗೆ ಬಂದರೆ ಕಾಡು ಕರ್ಪೂರ.

ಪ್ರತಿ ಬೇಸಿಗೆ ಮೇಲಿನ ಮನೆಗಳಿಗೆ ವಿಮೆ ಕಂಪನಿಯಿಂದ ಒಂದು ಬಣ್ಣದ ಪುಸ್ತಿಕೆ ಬರುತ್ತಿತ್ತು. ಅಮ್ಮಾವ್ರು ಅದನ್ನು ಓದುತ್ತಿರಲಿಲ್ಲ. ಕುಂಟುವ ಮೇಜಿನ ಕಾಲಿಗೆ ಒತ್ತುಕೊಡುತ್ತಿದ್ದರು. ಮೇಜು ಎತ್ತಿ ಗುಡಿಸುವಾಗ ನಾನು ಓದುತ್ತಿದ್ದೆ. ಏಳನೇ ಕ್ಲಾಸಿನವರೆಗೆ ಕಲಿತಿದ್ದೇನೆ, ಅಕ್ಷರ ಸಿಕ್ಕರೆ ಬಿಡುವುದಿಲ್ಲ. ಮನೆಯ ಪ್ರತಿ ಕೋಣೆಯ ಫೋಟೋ ತೆಗೆದಿಡಿ. ಪಾಲಿಸಿಯ ಇನ್ನೊಂದು ಪ್ರತಿ ಬೇರೆ ಊರಿನಲ್ಲಿಡಿ. ಯಾವುದಕ್ಕೆ ಪರಿಹಾರ ಉಂಟು, ಯಾವುದಕ್ಕಿಲ್ಲ, ಬೆಂಕಿ ಬರುವ ಮೊದಲೇ ಓದಿಕೊಳ್ಳಿ. ಮನೆಯ ಸುತ್ತ ಮೂವತ್ತು ಹೆಜ್ಜೆ ಒಣ ಪೊದೆ ಇರಕೂಡದು. ಸವರಿಸಿದವರಿಗೆ ಕಂತಿನಲ್ಲಿ ರಿಯಾಯಿತಿ.

ರಿಯಾಯಿತಿ ಎಂಬ ಮಾತನ್ನು ಮಾತ್ರ ಅಮ್ಮಾವ್ರು ಎಲ್ಲಿಂದಲೋ ಕೇಳಿಸಿಕೊಂಡಿದ್ದರು. ನನ್ನ ಗಂಡನನ್ನು ಕರೆಸಿದರು. ಅವನದು ಪೊದೆ ಕಡಿಯುವ ಕೆಲಸ. ಎಂಟು ದಿನ ಕಡಿದ. ಅಂಗೈ ಬಾತು ಅನ್ನದ ತಟ್ಟೆ ಹಿಡಿಯಲಾಗದೆ ನನ್ನ ಕೈಯಲ್ಲಿ ತುತ್ತು ಹಾಕಿಸಿಕೊಂಡ. ಒಟ್ಟು ಹದಿನೇಳು ಕೈಗಾಡಿ ಒಣ ಪೊದೆ. ಎಲ್ಲಿ ಸುರಿಯುವುದು? ಕಸದ ಮೈದಾನ ದೂರ, ಅಲ್ಲಿ ಸುರಿಯಲು ದುಡ್ಡು ಕೊಡಬೇಕು.

"ಸದ್ಯಕ್ಕೆ ಕೆಳಗೆ ನಿಮ್ಮ ಬೀದಿ ಹಿಂದೆ ಹಾಕಿರಪ್ಪ. ಮುಂದಿನ ವಾರ ಲಾರಿ ಕಳಿಸ್ತೀನಿ" ಎಂದರು ಅಮ್ಮಾವ್ರು.

ನನ್ನ ಗಂಡ ನಂಬಿಗಸ್ತ. ಹದಿನೇಳೂ ಗಾಡಿಯನ್ನು ತಂದು ಯಾರ ಮನೆಗೂ ತೊಂದರೆಯಾಗದಿರಲೆಂದು ನಮ್ಮದೇ ಹಿತ್ತಲ ಗೋಡೆಗೆ ಒರಗಿಸಿದ.

"ನಿಂಗೇನಾದ್ರೂ ತಲೆ ಇದೆಯಾ? ಮೂವತ್ತು ಹೆಜ್ಜೆ ದೂರ ಇರ್ಬೇಕು ಅಂತ ಪುಸ್ತಕದಲ್ಲಿ ಬರ್ದಿದೆ" ಎಂದೆ.

"ಅದು ಅವ್ರ ಪುಸ್ತಕ ಕಣೇ. ಅವ್ರ ಮನೆಯಿಂದ ಮೂವತ್ತಲ್ಲ, ಮುನ್ನೂರು ಹೆಜ್ಜೆ ದೂರ ತಂದು ಹಾಕಿದೀನಿ" ಎಂದ. ಲೆಕ್ಕ ಸರಿಯಾಗಿಯೇ ಇತ್ತು.

ಲಾರಿ ಬರಲಿಲ್ಲ. ಪ್ರತಿ ಸೋಮವಾರ ಕೇಳಿದೆ. ಪ್ರತಿ ಸೋಮವಾರ ಅದು ಮುಂದಿನ ವಾರಕ್ಕೆ ಹೊರಟಿತ್ತು.

ಆ ಮನೆಯ ಮುಂಬಾಗಿಲಿನ ಮೇಲೆ ಒಂದು ಬಳ್ಳಿ ಛಾವಣಿಯವರೆಗೆ ಹಬ್ಬಿತ್ತು. ಅರ್ಧ ಒಣಗಿತ್ತು. ಅದನ್ನೂ ಕಡಿಯುತ್ತೇನೆಂದು ನನ್ನ ಗಂಡ ಏಣಿ ಇಟ್ಟಾಗ ಅಮ್ಮಾವ್ರು ಚೀರಿದರು. "ಮುಟ್ಬೇಡ! ಅದರ ಚಿತ್ರ ಪತ್ರಿಕೇಲಿ ಬಂದಿದೆ." ಬೆಂಕಿ ಪತ್ರಿಕೆ ಓದುವುದಿಲ್ಲ.

ಅದು ಮಧ್ಯಾಹ್ನ ಬಂತು. ಗಾಳಿಯ ಜೊತೆ ಬಂತು. ಅಮ್ಮಾವ್ರು ಪೇಟೆಗೆ ಹೋಗಿದ್ದರು. ನನ್ನ ಮಕ್ಕಳಿಬ್ಬರೂ ಕಣಿವೆಯ ಶಾಲೆಯಲ್ಲಿದ್ದರು, ಅದೊಂದು ಪುಣ್ಯ. ಫೋನಿನಲ್ಲಿ ಅಮ್ಮಾವ್ರು ಕೂಗಿಕೊಂಡರು. "ಮರಿ ಎಲ್ಲಿ? ಮೊದಲು ಮರೀನ ಎತ್ಕೊಂಡು ಇಳಿ!" ಮರಿ ಎಂದರೆ ನಾಯಿ. ಒಂಬತ್ತು ವರ್ಷದ್ದು, ಇಪ್ಪತ್ತೆರಡು ಕಿಲೋ. ಅದನ್ನು ಹೆಗಲ ಮೇಲೆ ಹೇರಿಕೊಂಡು ಹೊಗೆಯಲ್ಲಿ ಇಳಿದೆ. ದಾರಿಯಲ್ಲಿ ಎರಡು ಸಲ ಕಚ್ಚಿತು. ನಮ್ಮ ಬೀದಿಯ ತಿರುವಿನಲ್ಲಿ ನಿಂತು ನೋಡಿದೆ. ಕಿಡಿ ಹಾರಿ ಬಂದು ಹದಿನೇಳು ಗಾಡಿಯ ಮೇಲೆ ಕೂತಿತು. ಮೊದಲು ನಮ್ಮ ಮನೆ. ಆಮೇಲೆ ಪಕ್ಕದ್ದು. ಆಮೇಲೆ ಸಾಲಾಗಿ, ಒಂದು ಕಡ್ಡಿಯಿಂದ ಇನ್ನೊಂದು ಕಡ್ಡಿ ಹಚ್ಚಿದ ಹಾಗೆ. ನನ್ನ ಮನೆ ಉರಿಯುವುದನ್ನು ನಾನು ಅಮ್ಮಾವ್ರ ನಾಯಿ ಹೊತ್ತುಕೊಂಡು ನೋಡಿದೆ.

ಕೆಳಗೆ ನಲವತ್ತೂ ಹೋದವು, ಮೇಲೆ ಅಮ್ಮಾವ್ರ ಬಳ್ಳಿಯಿಂದ ಹಿಡಿದು ಆರೂ ಹೋದವು. ಜೀವ ಯಾರದೂ ಹೋಗಲಿಲ್ಲ. ಅತ್ತೆಯನ್ನು ನನ್ನ ಗಂಡ ಎಳೆದುಕೊಂಡು ಓಡಿದ್ದ. ಅತ್ತೆ ಓಡುವಾಗ ಹಿಡಿದದ್ದು ಒಂದೇ ವಸ್ತು, ವಿಮೆ ಪಾಲಿಸಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಹಲ್ಲಿನ ಸೆಟ್ಟು ಬಿಟ್ಟುಬಂದಿದ್ದಳು.

ನಮಗೂ ವಿಮೆ ಇತ್ತು. ನಗಬೇಡಿ. ಹನ್ನೆರಡು ವರ್ಷದ ಹಿಂದೆ ಒಬ್ಬ ಏಜೆಂಟ್ ನಮ್ಮ ಬೀದಿಗೆ ಬಂದು ಅತ್ತೆಯನ್ನು "ಅಮ್ಮಾ" ಎಂದು ಕರೆದ. ಹೊಟ್ಟೆಯಲ್ಲಿ ಹುಟ್ಟಿದವನು ಅಷ್ಟು ಇಂಪಾಗಿ ಕರೆದಿರಲಿಲ್ಲ. ಅತ್ತೆ ಅಲ್ಲೇ ನನ್ನ ಕೈಯಲ್ಲಿ ಸಹಿ ಹಾಕಿಸಿದಳು. ತರಕಾರಿ ಮಾರಿ ತಿಂಗಳು ತಪ್ಪದೆ ಕಂತು ಕಟ್ಟಿದಳು. "ತಗಡಿನ ಮನೆಗೆ ವಿಮೆ, ಬೋಳುತಲೆಗೆ ಬಾಚಣಿಗೆ" ಎಂದು ನನ್ನ ಗಂಡ ಹಂಗಿಸಿದರೆ, "ನಿನ್ನ ತಲೆ ಬೋಳಾದಾಗ ಕೇಳ್ತೀಯ ಬಾ" ಎನ್ನುತ್ತಿದ್ದಳು. ಅವಳನ್ನು ನೋಡಿ ಬೀದಿಯ ಇನ್ನೂ ಹನ್ನೊಂದು ಮನೆಯವರು ಮಾಡಿಸಿದ್ದರು.

ನಲವತ್ತು ಮನೆಯವರನ್ನೂ ಶಾಲೆಯ ಹಾಲ್‌ನಲ್ಲಿ ಮಲಗಿಸಿದರು. ಬೆಂಕಿಯ ಕಾರಣಕ್ಕೆ ಶಾಲೆಗೆ ಇಪ್ಪತ್ತು ದಿನ ರಜೆ ಕೊಟ್ಟಿದ್ದರು. ಆಮೇಲೆ ಹಾಲ್ ಖಾಲಿ ಮಾಡಬೇಕು. ಎಲ್ಲಿಗೆ ಎಂದು ಕೇಳಿದರೆ ಹೆಡ್ಮಾಸ್ಟರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಐದನೇ ದಿನ ವಿಮೆಯ ಸರ್ವೇಯರ್ ಬಂದರು. ಇಸ್ತ್ರಿ ಅಂಗಿ, ಬಿಳಿ ಬೂಟು. ಬೂದಿಗೆ ಬಿಳಿ ಬೂಟು ಹಾಕಿಕೊಂಡು ಬರುವವರನ್ನು ನಾನು ಮೊದಲ ಸಲ ನೋಡಿದೆ. ನಮ್ಮ ಮನೆ ಇದ್ದ ಜಾಗದ ಅಂಚಿನಲ್ಲಿ ನಿಂತರು. ಒಳಗೆ ಬರಲಿಲ್ಲ. ಒಳಗು ಹೊರಗು ಎಂದು ಉಳಿದಿರಲೂ ಇಲ್ಲ.

"ಸಾಮಾನಿಗೆ ಬಿಲ್ಲಿದೆಯಾ?"

"ಸುಟ್ಟೋಯ್ತು ಸರ್."

"ಫೋಟೋ?"

"ಅದೂ ಒಳಗೇ ಇತ್ತು."

"ಅದಕ್ಕೇ ಹೇಳೋದು, ಒಂದು ಪ್ರತಿ ಬೇರೆ ಕಡೆ ಇಡ್ಬೇಕು ಅಂತ."

"ಬೇರೆ ಕಡೆ ಅಂದ್ರೆ ನಂಗೆ ಇರೋದು ಅಮ್ಮಾವ್ರ ಮನೆ ಒಂದೇ ಸರ್" ಎಂದು ಗುಡ್ಡದ ಮೇಲೆ ಕೈ ತೋರಿಸಿದೆ. ಅಲ್ಲಿಂದ ಇನ್ನೂ ಹೊಗೆ ಬರುತ್ತಿತ್ತು.

ಅತ್ತೆ ನಡುವೆ ನುಗ್ಗಿದಳು. "ನನ್ನ ಹಲ್ಲು ಬರ್ಕೋ ಸ್ವಾಮಿ. ಮೇಲಿಂದು ಕೆಳಗಿಂದು ಎರಡೂ."

"ಹಲ್ಲು ಮನೆ ಸಾಮಾನಲ್ಲ ಅಜ್ಜಿ. ಅದು ದೇಹಕ್ಕೆ ಸೇರಿದ್ದು."

"ಬಾಯಲ್ಲಿದ್ರೆ ದೇಹ. ಶೆಲ್ಫಿನ ಮೇಲಿತ್ತಲ್ಲ, ಲೋಟದಲ್ಲಿ? ಲೋಟ ಸಾಮಾನಾದ್ರೆ ಲೋಟದೊಳಗಿಂದು ಏನು?"

"ಹಾಗಲ್ಲ ಅಜ್ಜಿ..."

"ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ನಂಗೀಗ ಎರಡೂ ಇಲ್ಲ. ಎಲ್ಲಾದ್ರೂ ಬರ್ಕೊಳಪ್ಪಾ."

ಸರ್ವೇಯರ್ ಬರೆದುಕೊಳ್ಳಲಿಲ್ಲ. ಒಂದು ಫಾರಂ ನನ್ನತ್ತ ಚಾಚಿದರು. "ಇಲ್ಲಿ ಹೆಬ್ಬೆಟ್ಟು ಒತ್ತಮ್ಮ. ತಕ್ಷಣ ಏನೋ ಸ್ವಲ್ಪ ಬರುತ್ತೆ."

"ನಂಗೆ ಸಹಿ ಬರುತ್ತೆ ಸರ್."

"ಹಾಗಾದ್ರೆ ಸಹಿ."

"ಓದೋಕೂ ಬರುತ್ತೆ. ಓದಿ ಹಾಕ್ತೀನಿ."

ಓದಿದೆ. 'ಮನೆಯೊಳಗಿನ ಸಾಮಾನು: ಶೂನ್ಯ.' ಅದರ ಕೆಳಗೆ, 'ನಷ್ಟಕ್ಕೆ ಕಾರಣ: ಮನೆಯವರ ಸ್ವಂತ ನಿರ್ಲಕ್ಷ್ಯ. ಗೋಡೆಗೆ ತಾಗಿ ಒಣ ಪೊದೆ ಸಂಗ್ರಹ.' ಅದಕ್ಕೂ ಕೆಳಗೆ, ಇರುವೆಯಂಥ ಅಕ್ಷರದಲ್ಲಿ, 'ಇದೇ ಅಂತಿಮ. ಇನ್ನು ನನ್ನದೇನೂ ತಕರಾರಿಲ್ಲ.'

ಎರಡು ಸಲ ಓದಿದೆ. ಹದಿನಾರು ವರ್ಷದ ಸಂಸಾರ ಶೂನ್ಯ. ಅದರ ಮೇಲೆ ಬೆಂಕಿ ಇಟ್ಟವಳೂ ನಾನೇ.

"ಯೋಚ್ನೆ ಮಾಡ್ತೀನಿ" ಎಂದೆ.

"ಯೋಚ್ನೆ ಮಾಡೋಕೇನಿದೆ ಇದ್ರಲ್ಲಿ?"

"ಶೂನ್ಯ ಅಂತ ಬರ್ದಿದೀರಲ್ಲ ಸರ್. ತಲೆನೂ ಅದ್ರಲ್ಲಿ ಸೇರಿದೆಯಾ ಅಂತ ನೋಡ್ತೀನಿ."

ಅವತ್ತು ಹಾಲ್‌ನಲ್ಲಿ ಕೂತು ಅತ್ತೆಯ ಸೊಂಟದ ಪಾಲಿಸಿ ಬಿಡಿಸಿ ಮೊದಲಿಂದ ಕೊನೆಯವರೆಗೆ ಓದಿದೆ. ಹನ್ನೆರಡು ವರ್ಷ ಕಂತು ಕಟ್ಟಿದೆವು, ಒಂದು ದಿನ ಬಿಚ್ಚಿ ಓದಿರಲಿಲ್ಲ. ಮೇಜಿನ ಕಾಲ ಕೆಳಗಿನ ಪುಸ್ತಿಕೆ ಓದಿದವಳು ನನ್ನದೇ ಪಾಲಿಸಿ ಓದಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ. ಒಂಬತ್ತನೇ ಪುಟದಲ್ಲಿ ನೀರು ಸಿಕ್ಕಿತು. ಮನೆ ವಾಸಕ್ಕೆ ಯೋಗ್ಯವಿಲ್ಲದಿದ್ದರೆ ಆರು ತಿಂಗಳವರೆಗೆ ಬದಲಿ ವಸತಿಯ ಬಾಡಿಗೆ ಕಂಪನಿ ಕೊಡತಕ್ಕದ್ದು. ಅಮ್ಮಾವ್ರು ಹೋಟೆಲಿನಲ್ಲಿ ಇದ್ದದ್ದು ಅವರ ಪಾಲಿಸಿಯ ಇದೇ ಸಾಲಿನ ಮೇಲೆ. ನಾವು ಶಾಲೆಯ ನೆಲದ ಮೇಲೆ ಇದೇ ಸಾಲನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಮಲಗಿದ್ದೆವು.

ಮರುದಿನವೇ ಅಮ್ಮಾವ್ರ ಫೋನು. "ಬೇಗ ಬಾರಮ್ಮಾ ಹೋಟೆಲಿಗೆ. ಒಂದು ಸಣ್ಣ ಕೆಲ್ಸ."

ಹೋಟೆಲಿನ ಕಾವಲಿನವನು ನನ್ನನ್ನು ಹಿಂದಿನ ಬಾಗಿಲಿಗೆ ಕಳಿಸಿದ. ಹಿಂದಿನ ಬಾಗಿಲಿನವನು ಮುಂದಿನ ಬಾಗಿಲಿಗೆ ಕಳಿಸಿದ. ನಾಲ್ಕು ಸುತ್ತು ಹಾಕಿ ಒಳಗೆ ಹೋದೆ. ಸೋಫಾದ ಮೇಲೆ ಅಮ್ಮಾವ್ರು, ನಾಯಿ, ಎದುರಿಗೆ ಅದೇ ಸರ್ವೇಯರ್. ಅದೇ ಕಂಪನಿ. ಬೂಟು ಮಾತ್ರ ಬೇರೆ, ಕಪ್ಪು.

ವಿಷಯ ಇಷ್ಟು. ಅಮ್ಮಾವ್ರು ಪುಸ್ತಿಕೆ ಓದದಿದ್ದರೂ ಪ್ರತಿ ಕೋಣೆಯ ಫೋಟೋ ತೆಗೆದಿದ್ದರು, ಸುಳ್ಳಲ್ಲ. ಆದರೆ ಎಲ್ಲದರಲ್ಲೂ ನಾಯಿ. ಸರ್ವೇಯರ್ ಫೋನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಮೇಡಂ, ಇದು ಯಾವ ರೂಮು?"

"ಊಟದ ಮನೆ. ನೋಡಿ, ಇದು ಮೇಜು."

"ಇದು ಬಾಲ ಮೇಡಂ."

"ಬಾಲದ ಹಿಂದೆ ಮೇಜಿದೆ."

"ಕುರ್ಚಿ ಎಷ್ಟು?"

ಅಮ್ಮಾವ್ರು ಬೆರಳು ಮಡಿಸಿದರು, ಬಿಚ್ಚಿದರು, ನನ್ನ ಮುಖ ನೋಡಿದರು.

"ಹನ್ನೆರಡು. ಒಂದರ ಕಾಲು ಬಿರುಕು" ಎಂದೆ.

ಸರ್ವೇಯರ್ ಪೆನ್ನಿನ ಕ್ಯಾಪು ತೆಗೆದರು. ಆಮೇಲೆ ಮೂರು ಗಂಟೆ ನಾನು ನಿಂತುಕೊಂಡೇ ಹೇಳಿದೆ. ಕೂರು ಎಂದು ಯಾರೂ ಅನ್ನಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಸಂಜೆಯ ಸುತ್ತು ಶುರುವಾಗುತ್ತಿತ್ತು. ನಡುಮನೆ, ಎಡಗೋಡೆ, ಗಾಜಿನ ಬೀರು, ಮೇಲಿನ ಅರೆ, ಗಾಜಿನ ಕುದುರೆ ಏಳು, ಒಂದಕ್ಕೆ ಕಿವಿ ಇಲ್ಲ. ಸರ್ವೇಯರ್ ಬರೆದೂ ಬರೆದೂ ಮಣಿಕಟ್ಟು ಕೊಡವಿಕೊಂಡರು. "ಏನಮ್ಮ, ಕಂಪ್ಯೂಟರ್ ನುಂಗಿದೀಯಾ?" ಎಂದರು. ನನಗೆ ಹೆಮ್ಮೆಯಾಯಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗ ಹೆಮ್ಮೆಯೇ ಆಯಿತು.

"ರತ್ನಗಂಬಳಿ ಎರಡು ಅಂತ ಬರ್ಕೊಳ್ಳಿ" ಎಂದರು ಅಮ್ಮಾವ್ರು.

"ಒಂದೇ ಅಮ್ಮಾವ್ರೇ. ಎರಡನೇದು ತಗೋಬೇಕು ಅಂತ ಅಂದ್ಕೊಂಡಿದ್ರಿ."

"ಹೌದಾ?"

"ನಾಲ್ಕು ವರ್ಷದಿಂದ ಅಂದ್ಕೋತಿದೀರಿ."

ಸರ್ವೇಯರ್ ಒಂದನ್ನೇ ಬರೆದರು. ಒಟ್ಟು ನಾನೂರ ಹನ್ನೆರಡು. ಕೊನೆಗೆ, "ಬಿಲ್ಲಿಲ್ಲ ಅಂದ್ರೂ ಪರವಾಗಿಲ್ಲ ಮೇಡಂ. ಮನೆಯೊಳಗೆ ದಿನಾ ಓಡಾಡಿದವರು ಒಬ್ಬರು ಸಾಕ್ಷಿ ಹಾಕಿದ್ರೆ ನಮ್ಮ ರೂಲಿನಲ್ಲಿ ನಡೆಯುತ್ತೆ. ಈಕೆ ಸಹಿ ಸಾಕು" ಎಂದರು.

ನನ್ನ ಕಿವಿ ನೆಟ್ಟಗಾಯಿತು.

"ಸರ್, ಇನ್ನೊಂದು ಬಿಟ್ಟೋಯ್ತು" ಎಂದೆ. "ಒಣ ಪೊದೆ, ಹದಿನೇಳು ಗಾಡಿ. ಅಮ್ಮಾವ್ರದ್ದು. ಕೆಳಗೆ ನಮ್ಮ ಗೋಡೆಗೆ ಒರಗಿಸಿ ಇಟ್ಟಿದ್ದು."

ಪೆನ್ನು ನಿಂತಿತು. ನಾಯಿ ತಲೆ ಎತ್ತಿತು.

"ಅದ್ಯಾಕೆ ಬೇಕೀಗ?" ಎಂದರು ಅಮ್ಮಾವ್ರು.

"ಉಳಿದ ನಾನೂರ ಹನ್ನೆರಡು ನಿಮ್ಮದಾದ್ರೆ ಇದೂ ನಿಮ್ಮದೇ ಅಲ್ವಾ ಅಮ್ಮಾವ್ರೇ? ಅದನ್ನ ನನ್ನ ಫಾರಂನಲ್ಲಿ ನಂದು ಅಂತ ಬರ್ದಿದಾರೆ. ನನ್ನ ಮನೇಲಿ ನಂದು ಅಂತ ಇವ್ರು ಒಪ್ಪಿರೋದು ಅದೊಂದೇ."

ಸರ್ವೇಯರ್ ಗಂಟಲು ಸರಿಮಾಡಿಕೊಂಡರು. "ಆ ಫೈಲೇ ಬೇರೆ, ಈ ಫೈಲೇ ಬೇರೆ. ನೀನಿಲ್ಲಿ ಸಹಿ ಹಾಕಮ್ಮ."

"ನನ್ನ ಮನೆ ಸಾಮಾನು ಹೇಳಿದ್ರೆ ಬರ್ಕೋತೀರಾ?"

"ಅದಕ್ಕೆ ಪುರಾವೆ ಬೇಕು."

"ಇಷ್ಟೊತ್ತು ಹೇಳಿದ್ದಕ್ಕೆ ಏನ್ ಪುರಾವೆ ಇತ್ತು? ಇದೇ ನಾಲಿಗೆ ತಾನೆ? ಗುಡ್ಡದ ಮೇಲೆ ನಿಜ ಹೇಳಿ ಇಳಿಯೋ ಹೊತ್ತಿಗೆ ಸುಳ್ಳಿ ಆಗ್ಬಿಡುತ್ತಾ ಇದು?"

ನಾನು ಪೆನ್ನನ್ನು ಮೇಜಿನ ಮೇಲಿಟ್ಟೆ. ಹನ್ನೊಂದು ವರ್ಷದಲ್ಲಿ ಆ ಮನೆಯವರ ಎದುರು ಒಂದು ವಸ್ತುವನ್ನು ಅದರ ಜಾಗದಲ್ಲಿಡದೆ ಎಲ್ಲೆಂದರಲ್ಲಿ ಇಟ್ಟದ್ದು ಅದೇ ಮೊದಲು.

"ಹಾಕಲ್ಲ" ಎಂದೆ.

"ಏನು?"

"ಸಹಿ ಹಾಕಲ್ಲ."

ಅಮ್ಮಾವ್ರ ಮುಖ ಕೆಂಪಾಯಿತು. "ಉಪ್ಪು ತಿಂದ ಮನೆಗೆ ಹೀಗಾ? ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ!"

"ಎಲ್ಲಿಗೆ ಬರ್ಬಾರ್ದು ಅಮ್ಮಾವ್ರೇ? ಮನೆನೇ ಇಲ್ವಲ್ಲ!"

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಸರ್ವೇಯರ್ ಕೆಮ್ಮಿದರು. ಅದು ಕೆಮ್ಮಲ್ಲ, ನಗು. ನಾಯಿ ಬಾಗಿಲವರೆಗೆ ನನ್ನ ಹಿಂದೆಯೇ ಬಂತು. ಅದಕ್ಕೆ ಹೆಗಲ ರುಚಿ ಹತ್ತಿತ್ತು.

ಹಾಲ್‌ಗೆ ಬಂದು ಗಂಡನಿಗೆ ಹೇಳಿದೆ. ಅವನು ತಲೆ ಮೇಲೆ ಕೈ ಹೊತ್ತು ಕೂತ. "ಇದ್ದದ್ದೊಂದು ಕೆಲ್ಸ. ಅದ್ನೂ ಸುಟ್ಕೊಂಡು ಬಂದ್ಯಾ?" ಅತ್ತೆ ಮಾತ್ರ ಬೊಚ್ಚುಬಾಯಿ ಅಗಲಿಸಿ ನಕ್ಕಳು. "ಹೋಗ್ಲಿ ಬಿಡೋ. ಇಷ್ಟು ವರ್ಷಕ್ಕೆ ಸೊಸೆ ನನ್ನ ಥರ ಮಾತಾಡಿದಾಳೆ."

ನಮ್ಮ ಪಕ್ಕದ ಮನೆಯ ಅಡುಗೆ ಅಕ್ಕ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳು ಮೇಲಿನ ಬೀದಿಯ ಡಾಕ್ಟರ ಮನೆಯಲ್ಲಿ ಅಡುಗೆಯವಳು. ಅವಳಿಗೂ ಶೂನ್ಯದ ಫಾರಂ ಬಂದಿತ್ತು.

"ನಾಳೆ ನನ್ನನ್ನೂ ಕರ್ದಿದಾರೆ ಕಣೇ. ಪಾತ್ರೆ ಲೆಕ್ಕ ಕೊಡೋಕೆ. ಡಾಕ್ಟರಮ್ಮಂಗೆ ಕುಕ್ಕರ್ ಎಲ್ಲಿತ್ತು ಅಂತ್ಲೇ ಗೊತ್ತಿಲ್ಲ. ಕುಕ್ಕರ್ ಎಷ್ಟು ಅಂತ ಎಲ್ಲಿಂದ ಗೊತ್ತಿರುತ್ತೆ?"

"ಹೋಗ್ತೀಯಾ?"

"ಹೋಗ್ತೀನಿ. ಹೋಗಿ, ನೆನಪು ಸುಟ್ಟೋಯ್ತು ಅಂತೀನಿ."

ಮೇಲಿನ ಆರೂ ಮನೆಗೆ ಕೆಲಸಕ್ಕೆ ಹೋಗುವವರು ಆ ಹಾಲ್‌ನಲ್ಲೇ ಇದ್ದರು. ಸಭೆ ಮಾಡಲಿಲ್ಲ, ಭಾಷಣ ಮಾಡಲಿಲ್ಲ. ಟೀ ಸಾಲಿನಲ್ಲಿ ನಿಂತಾಗ ಒಬ್ಬರಿಂದ ಒಬ್ಬರಿಗೆ ಮಾತು ದಾಟಿತು. ಮಾರನೆಯ ದಿನದಿಂದ ಆರು ಮನೆಯ ನೆನಪೂ ಸುಟ್ಟುಹೋಯಿತು.

ನಾಲ್ಕು ದಿನ ಮೇಲಿನವರು ತಮ್ಮ ತಮ್ಮ ಮನೆ ನೆನಪಿಸಿಕೊಳ್ಳಲು ಹೆಣಗಿದರು. ಸುದ್ದಿ ಬರುತ್ತಲೇ ಇತ್ತು. ಡಾಕ್ಟರರು ಅಡುಗೆಮನೆಯಲ್ಲಿ 'ಒಲೆ, ಇತ್ಯಾದಿ' ಎಂದು ಬರೆದುಕೊಟ್ಟರಂತೆ. ಕೊನೆಯ ಮನೆಯ ಗಂಡಹೆಂಡತಿ, ಪರದೆ ನೀಲಿಯೋ ಹಸಿರೋ ಎಂದು ಜಗಳವಾಡಿ ಹೋಟೆಲಿನಲ್ಲಿ ಬೇರೆ ಬೇರೆ ರೂಮು ಹಿಡಿದರಂತೆ. ಕಂದು ಬಣ್ಣದ್ದು, ಒಗೆಯುವವಳು ನಮ್ಮ ಜೊತೆ ಕೂತು ನಗುತ್ತಿದ್ದಳು. ಪಟ್ಟಿ ಕೊಡುವವರೆಗೆ ಯಾರ ಫೈಲೂ ಮುಂದೆ ಹೋಗುವಂತಿರಲಿಲ್ಲ.

ಐದನೇ ದಿನ ಹಾಲ್‌ನ ಮುಂದೆ ಕಾರು ನಿಂತಿತು. ಸರ್ವೇಯರ್ ಇಳಿದರು. ಹಿಂದಿನಿಂದ ಅಮ್ಮಾವ್ರು. ಒಳಗೆ ಕಾಲಿಡುವಾಗ ದಟ್ಟ ಹೊಗೆಯೊಳಗೆ ಬಂದವರಂತೆ ಮೂಗಿಗೆ ಬಟ್ಟೆ ಹಿಡಿದಿದ್ದರು. ನೂರೆಂಬತ್ತು ಜನರ ಬೆವರು ಅಷ್ಟೇ ಅದು. ದೊಡ್ಡವರ ಕುರ್ಚಿ ಇರಲಿಲ್ಲ. ಒಂದನೇ ಕ್ಲಾಸಿನ ಬೆಂಚುಗಳಿದ್ದವು. ಇಬ್ಬರೂ ಅದರಲ್ಲಿ ಕೂತರು. ಮೊಣಕಾಲು ಗಲ್ಲಕ್ಕೆ ಬಂತು.

"ಹೇಳಮ್ಮ" ಎಂದರು ಸರ್ವೇಯರ್, ಹೊಸ ಹಾಳೆ ತೆಗೆದು. "ನಿನ್ನ ಮನೆ ಸಾಮಾನು ಹೇಳು. ಬರ್ಕೋತೀನಿ. ನೀವು ಹನ್ನೆರಡು ಮನೆಯವ್ರದ್ದೂ ಬರ್ಕೋತೀನಿ. ಆಮೇಲಾದ್ರೂ ಮೇಲಿನವರ ಸಾಕ್ಷಿಗೆ ಬರ್ತೀರಲ್ಲ?"

"ಮೊದ್ಲು ಒಂಬತ್ತನೇ ಪುಟ ಸರ್. ಬಾಡಿಗೆ."

"ಅದು... ಕೇಳಿದವ್ರಿಗೆ ಕೊಡ್ತೀವಮ್ಮ."

"ಕೇಳೋದು ಗೊತ್ತಿದ್ದೋರಿಗೆ ಕೊಡ್ತೀರಿ. ಈಗ ಹನ್ನೆರಡು ಮನೆಯವರೂ ಕೇಳ್ತಿದೀವಿ. ಬರ್ಕೊಳ್ಳಿ."

ಬರೆದುಕೊಂಡರು. ಮೊಹರು ಒತ್ತಿದರು. ಹಾಲ್‌ನಲ್ಲಿ ಯಾರೋ ಶಿಳ್ಳೆ ಹೊಡೆದರು. ಆ ಆರು ತಿಂಗಳು ನಾವು ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು, ಈ ಮೊಹರಿನಿಂದ. ಪಾಲಿಸಿ ಇಲ್ಲದ ಇಪ್ಪತ್ತೆಂಟು ಮನೆಯವರಿಗೆ ಡೇರೆ ಸಿಕ್ಕಿತು. ಅವರು ನಮಗಾಗಿ ಬಾಯಿ ಮುಚ್ಚಿಕೊಂಡಿದ್ದರು. ಅದನ್ನು ನಾನು ಮರೆಯುವಂತಿಲ್ಲ.

"ಈಗ ಸಾಮಾನು. ಶುರು ಮಾಡು."

ನಾನು ಕಣ್ಣು ಮುಚ್ಚಿದೆ.

ಏನೂ ಬರಲಿಲ್ಲ.

ಗಾಜಿನ ಕುದುರೆ ಬಂದವು. ಅವನ್ನು ಓಡಿಸಿದೆ. ಹನ್ನೆರಡು ಕುರ್ಚಿ ಬಂದವು. ನಮ್ಮ ಮನೆಯಲ್ಲಿ ಕುರ್ಚಿ ಇತ್ತೇ? ಎಷ್ಟಿದ್ದವು? ಬಾಗಿಲು ತೆರೆದೆ. ಕತ್ತಲು. ನಾನು ಆ ಮನೆಯಿಂದ ಬೆಳಗಾಗುವ ಮುಂಚೆ ಹೊರಡುತ್ತಿದ್ದೆ. ಕತ್ತಲಾದ ಮೇಲೆ ಬರುತ್ತಿದ್ದೆ. ಬಂದವಳು ಒಲೆ ಹಚ್ಚಿ, ಮಕ್ಕಳಿಗೆ ಬಡಿಸಿ, ಬಿದ್ದುಕೊಳ್ಳುತ್ತಿದ್ದೆ. ಅಲ್ಲಿ ಯಾರೂ ನನ್ನ ಚೀಲ ಸುರಿಯುತ್ತಿರಲಿಲ್ಲ. ಅದಕ್ಕೇ ಅಲ್ಲಿ ಏನನ್ನೂ ಎಣಿಸಿರಲಿಲ್ಲ.

"ಏನಮ್ಮ? ಅಲ್ಲಿ ನಾನೂರ ಹನ್ನೆರಡು ಹೇಳ್ದೆ."

ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿದಳು.

"ಇವ್ಳನ್ನೇನ್ ಕೇಳ್ತೀಯಪ್ಪಾ? ಇವ್ಳು ಮನೇಲಿ ಯಾವತ್ತಿದ್ಲು? ನಾನು ಹೇಳ್ತೀನಿ ಬರ್ಕೋ. ಕಬ್ಬಿಣದ ಮಂಚ ಒಂದು. ನಾನು ಮದ್ವೆಯಾಗಿ ಬಂದಾಗಿಂದು. ಕಿರ್ರ್ ಅನ್ನೋದು."

"ಕಿರ್ರ್ ಅನ್ನೋದು ಬರೀಬೇಕಾ?"

"ಬರಿ. ಅದಿಲ್ದೆ ನಂಗೆ ನಿದ್ದೆ ಬರ್ತಿಲ್ಲ."

ಆಮೇಲೆ ತಡೆಯಲಾಗಲಿಲ್ಲ. ಗಂಡ, "ಮೂರು ಕತ್ತಿ, ಒಂದು ಮಸೆಯೋ ಕಲ್ಲು" ಎಂದ. ಮಕ್ಕಳು, "ಪೆಟ್ಟಿಗೆಯೊಳಗೆ ಬಳಪ, ಕನ್ನಡಿ, ಮುರಿದ ರೇಡಿಯೋ" ಎಂದವು. ಅಡುಗೆ ಅಕ್ಕ ದೂರದಿಂದ, "ನನ್ನ ದೊಡ್ಡ ಬೋಗುಣಿ ನಿಮ್ಮನೇಲೇ ಇತ್ತು, ಕೊಟ್ಟಿರ್ಲಿಲ್ಲ, ಅದನ್ನ ನನ್ನ ಪಟ್ಟಿಗೆ ಹಾಕಿಸ್ರೀ!" ಎಂದು ಕೂಗಿದಳು. ಇಪ್ಪತ್ತಮೂರನೆಯದಾಗಿ ಹಲ್ಲಿನ ಸೆಟ್ಟು ಬರೆಯದೆ ಅತ್ತೆ ಇಪ್ಪತ್ತನಾಲ್ಕಕ್ಕೆ ಹೋಗಲು ಬಿಡಲಿಲ್ಲ. ನನ್ನ ಮನೆಯನ್ನು ನಾನು ಅವತ್ತು ಬೇರೆಯವರ ಬಾಯಲ್ಲಿ ಮೊದಲ ಸಲ ಪೂರ್ತಿ ನೋಡಿದೆ. ಕುರ್ಚಿ ಎರಡಿದ್ದವಂತೆ. ಒಟ್ಟು ಅರವತ್ತನಾಲ್ಕು.

ಸರ್ವೇಯರ್ ಹಳೆಯ ಫಾರಂ ತೆಗೆದು 'ಶೂನ್ಯ' ಹೊಡೆದುಹಾಕಿದರು. "ಸಾಕ್ಷಿ?" ಎಂದರು. ಅಮ್ಮಾವ್ರ ಕಡೆ ತಿರುಗಿ, "ಮೇಡಂ, ಈಕೆ ನಿಮ್ಮನೇಲಿ ಹನ್ನೊಂದು ವರ್ಷ ಇದ್ರಲ್ಲ. ನೀವು ಇವರ ಮನೆ ನೋಡಿರ್ಬೇಕಲ್ವಾ?"

"ನಾನು... ಒಳಗೆ ಹೋಗಿಲ್ಲ" ಎಂದರು ಅಮ್ಮಾವ್ರು.

"ಹೊರಗಿಂದ?"

"ಕಾರಿನಲ್ಲಿ ಹೋಗ್ತೀವಲ್ಲ..."

ಸಾಕ್ಷಿಗೆ ಅಡುಗೆ ಅಕ್ಕ ಸಹಿ ಹಾಕಿದಳು. ಬೋಗುಣಿ ಕೊಡದಿದ್ದರೂ.

ಸರ್ವೇಯರ್ ಪೆನ್ನನ್ನು ನನ್ನ ಕೈಗೆ ಕೊಟ್ಟರು. ನಾನು ಬೆರಳನ್ನು ಇನ್ನೊಂದು ಸಾಲಿನ ಮೇಲಿಟ್ಟೆ. 'ಸ್ವಂತ ನಿರ್ಲಕ್ಷ್ಯ.'

"ಇದು ಹಾಗೇ ಇದ್ರೆ ಅರವತ್ನಾಲ್ಕು ಬರ್ದೂ ಸೊನ್ನೆನೇ ಅಲ್ವಾ ಸರ್?"

ಅವರು ಸುಳ್ಳು ಹೇಳಲಿಲ್ಲ. "ಹೌದು. ಪೊದೆ ನಿಮ್ಮದಲ್ಲ ಅಂತ ಅದರ ಮಾಲೀಕರು ಹೇಳ್ಬೇಕು."

ಅಮ್ಮಾವ್ರು ಎದ್ದು ನಿಲ್ಲಲು ನೋಡಿದರು. ಒಂದನೇ ಕ್ಲಾಸಿನ ಬೆಂಚು ಬಿಡಲಿಲ್ಲ.

"ನಾನು ಲಾರಿ ಕಳಿಸ್ತೀನಿ ಅಂದಿದ್ದೆ" ಎಂದರು.

"ಅಂದಿದ್ರಿ ಅಮ್ಮಾವ್ರೇ" ಎಂದೆ. "ಆರು ಸೋಮವಾರ."

ಅಮ್ಮಾವ್ರು ನನ್ನ ಗಂಡನ ಕೈ ನೋಡಿದರು. ತೋರಿಸಲೆಂದು ಅವನು ಚಾಚಿರಲಿಲ್ಲ. ಸುಮ್ಮನೆ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಬೊಬ್ಬೆ ಒಡೆದ ಗುರುತು ಇನ್ನೂ ಹಾಗೇ ಇತ್ತು. ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಅತ್ತೆ, "ಸುಮ್ನಿರೋ!" ಎಂದು ಬಾಗಿಲ ಕಡೆ ಗದರಿದಳು.

"ನಮ್ಮದು" ಎಂದರು ಅಮ್ಮಾವ್ರು ಕೊನೆಗೆ. "ನಮ್ಮ ಮನೆ ಪೊದೆ. ಅಲ್ಲಿ ಹಾಕಿ ಅಂತ ಹೇಳಿದ್ದು ನಾನೇ."

"ಎಷ್ಟು ಗಾಡಿ ಮೇಡಂ?"

ಅಮ್ಮಾವ್ರು ಅಭ್ಯಾಸದಂತೆ ನನ್ನ ಮುಖ ನೋಡಿದರು.

ನಾನು ಬಾಯಿ ಬಿಡಲಿಲ್ಲ. ನೂರೆಂಬತ್ತು ಜನರಿಗೂ ಗೊತ್ತಿತ್ತು. ಯಾರೂ ಬಿಡಲಿಲ್ಲ.

ಅವರು ಬೆರಳು ಮಡಿಸಿದರು, ಬಿಚ್ಚಿದರು, ಕಣ್ಣು ಮುಚ್ಚಿದರು.

"ಹದಿನೇಳು" ಎಂದರು.

ಅವರ ಮನೆಯ ವಸ್ತುವೊಂದರ ಲೆಕ್ಕ ಅಮ್ಮಾವ್ರು ತಾವೇ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಲೆಕ್ಕ ಸರಿಯಾಗಿತ್ತು. ನಾನು ಸಹಿ ಹಾಕಿದೆ.